ದಿಲ್ಲಿ ನೋಡಿ ಬಂದ್ವಿ, ಕಾಕಾ ಕೇಳಿದ ಪ್ರಶ್ನೆ ಇನ್ನೂ ಹಂಗೇ ಅದ



ಹೋದ ಡಿಸೆಂಬರಿನಲ್ಲಿ ನಾವು ಐದು ಮಂದಿ ದಿಲ್ಲಿಗೆ ಹೋಗಿ ಬಂದ್ವಿ. ಬೀದರಿನಿಂದ ಇಬ್ಬರು, ಭಾಲ್ಕಿಯ ಇಬ್ಬರು ಕಾಲೇಜು ಹುಡುಗರು, ಔರಾದ ಕಡೆಯ ಒಬ್ಬ ಕಾಕಾ. ಫೋಟೊ ಹಾಕಿದ ದಿನವೇ ಬಹಳ ಜನ "ಹೆಂಗಿತ್ತು ದಿಲ್ಲಿ?" ಅಂತ ಕೇಳಿದ್ರಿ. ಭಾಲ್ಕಿಯ ಹುಡುಗ ತನ್ನ ರೀಲ್ಸ್ ಮೇಲೆ "ಪರಂಪರೆ ಮತ್ತು ಆಧುನಿಕತೆಯ ಸಂಗಮ" ಅಂತ ಬರೆದಿದ್ದ. ಲೈಕುಗಳೂ ಬಹಳ ಬಂದವು. ನನ್ನ ತಕರಾರು ಇರೋದು ಆ ಒಂದು ಸಾಲಿನ ಮೇಲೆ. ಹುಡುಗನ ಮೇಲೆ ಸಿಟ್ಟಿಲ್ಲ, ಅವನಿಗೆ ಹೇಳಿಯೇ ಇದನ್ನು ಬರೀಲಾಕತ್ತೀನಿ. ಸ್ವಲ್ಪ ಉದ್ದ ಆಗ್ಯದ, ಪುರುಸೊತ್ತು ಮಾಡಿಕೊಂಡು ಪೂರ್ತಿ ಓದ್ರಿ.

ಮೊದಲು ಒಂದು ಮಾತು ಸ್ಪಷ್ಟ ಮಾಡ್ತೀನಿ. ನಮ್ಮ ಮಂದಿ ಊರು ನೋಡಬೇಕು, ಸೆಲ್ಫಿ ತಗೋಬೇಕು, ಐಸ್‌ಕ್ರೀಮ್ ತಿನ್ನಬೇಕು. ಹೋರಾಟದವರು ಅಂದ್ರೆ ಯಾವಾಗಲೂ ಮುಖ ಗಂಟು ಹಾಕಿಕೊಂಡು ಮನವಿ ಪತ್ರ ಹಿಡಿದೇ ದಿಲ್ಲಿಗೆ ಹೋಗಬೇಕು ಅಂತ ಎಲ್ಲೂ ಬರೆದಿಲ್ಲ. ಔರಾದಕ್ಕೆ ಇನ್ನೂ ರೈಲೇ ಇಲ್ಲ. ಕಾಕಾ ಬೆಳಗಿನ ಬಸ್ಸಿಗೆ ಬೀದರಿಗೆ ಬಂದು, ನಮ್ಮ ಜೊತೆ ಕಲಬುರಗಿಗೆ ಹೋಗಿ, ಅಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರು. ಒಂದು ದಿನಕ್ಕೂ ಹೆಚ್ಚಿನ ಪ್ರಯಾಣ. ಅರವತ್ತು ದಾಟಿದ ಮನುಷ್ಯ ಕಿಟಕಿ ಬಿಟ್ಟು ಏಳಲಿಲ್ಲ. ಅವರ ಅಪ್ಪ ಊರಿನ ಚಾವಡಿ ಕಟ್ಟೆ ಹತ್ತಿದವರಲ್ಲ. ಇವರು ಕುತುಬ್ ಮಿನಾರಿನ ಕೆಳಗೆ ನಿಂತು ತಲೆ ಎತ್ತಿ ನೋಡಿ, ಟೊಪಿಗಿ ಬೀಳ್ತದಂತ ಕೈಯಾಗ ಹಿಡಿದುಕೊಂಡು ನಕ್ಕರು. ಆ ಸಂತೋಷವನ್ನು ನಾನು ಸಣ್ಣದು ಮಾಡೋದಿಲ್ಲ.

ಮತ್ತ ದೊಡ್ಡ ಶಹರದಾಗ ನಮಗೊಂದು ಬಿಡುಗಡೆ ಇರ್ತದ, ಅದೂ ಖರೇನೇ. ಮೆಟ್ರೊದಲ್ಲಿ ನಮ್ಮ ಭುಜಕ್ಕೆ ಭುಜ ತಾಗಿಸಿ ನಿಂತವನು ನೀವು ಯಾರು ಅಂತ ಕೇಳಲಿಲ್ಲ. ಬಾಬಾಸಾಹೇಬರು ಹಳ್ಳಿಯನ್ನು ಹೊಗಳುವವರ ಜೊತೆ ಯಾಕೆ ಜಗಳಾಡಿದರು, ಶಹರಕ್ಕೆ ಹೋಗ್ರಿ ಅಂತ ಯಾಕೆ ಹೇಳಿದರು ಅನ್ನೋದು ಆ ಡಬ್ಬಿಯಲ್ಲಿ ನಿಂತರೆ ತಿಳೀತದ. ಆದರೆ ಅದೇ ದಿಲ್ಲಿಯಲ್ಲಿ, ಚಹಾ ಕುಡಿಯುತ್ತಾ ಚೆನ್ನಾಗಿ ಮಾತಾಡಿದ ಒಬ್ಬರು ನನ್ನ ಹೆಸರು ಕೇಳಿ, ಹೇಳಿದ ಮೇಲೆ "ಪೂರಾ ನಾಮ್?" ಅಂತ ಮತ್ತೊಮ್ಮೆ ಕೇಳಿದರು. ಪೂರಾ ನಾಮ್ ಅಂದ್ರೆ ಏನು ಕೇಳಿದಂಗ ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

ಎರಡನೇ ದಿನ ಜಾಮಾ ಮಸೀದಿ ನೋಡಲು ಹೊರಟಿದ್ವಿ. ಶಹಜಹಾನ್ ಕಟ್ಟಿಸಿದ್ದು, 1656ರಲ್ಲಿ ಮುಗಿದದ್ದು. ಅದಕ್ಕೆ ಚಾವಡಿ ಬಜಾರ್ ಮೆಟ್ರೊ ನಿಲ್ದಾಣದಲ್ಲಿ ಇಳಿದ್ವಿ. ಆ ನಿಲ್ದಾಣ ಹಳೆ ದಿಲ್ಲಿಯ ಓಣಿಗಳ ಕೆಳಗೆ 25 ಮೀಟರಿನಷ್ಟು ಆಳದಲ್ಲಿದೆ. ಮೇಲೆ ನೂರಾರು ವರ್ಷದ ಬಜಾರು, ಕೆಳಗೆ ಎಸಿ ರೈಲು. ಹುಡುಗ ರೀಲ್ಸ್ ತೆಗೆದದ್ದು ಅಲ್ಲೇ. ಒಂದರ ಹಿಂದೆ ಒಂದು ಎಸ್ಕಲೇಟರ್ ಹತ್ತಿ ಮೇಲೆ ಬರ್ತಿದ್ದಾಗ ಕಾಕಾ ನನ್ನ ತೋಳು ಹಿಡಿದು ಕೇಳಿದರು:

"ಅಲ್ಲೋ ತಮ್ಮಾ, ಇಷ್ಟ್ ಕೆಳಗ ಹೋಗಿದ್ವಿ, ದಮ್ಮು ಯಾಕ ಹತ್ತಲಿಲ್ಲ?"

ನಾನು, ಯಂತ್ರ ಹಾಕಿ ಮೇಲಿನ ಗಾಳಿ ಕೆಳಗೆ ಕಳಿಸ್ತಾರ ಕಾಕಾ, ಕೆಟ್ಟ ಗಾಳಿ ಹೊರಗೆ ಎಳೀತಾರ ಅಂದೆ.

"ಇಷ್ಟ್ ಮಂದಿಗೆ ಇಷ್ಟ್ ಆಳದಾಗ ಗಾಳಿ ಕೊಡ್ಲಾಕ ಬರ್ತದ. ಹತ್ತು ಫೂಟಿನ ಗಟಾರದಾಗ ಇಳಿಯೋ ಒಬ್ಬ ಮನುಷ್ಯಾಗ ಕೊಡ್ಲಾಕ ಬರಂಗಿಲ್ಲೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾಕಾ ಯಾರು ಅಂತ ಹೇಳಬೇಕು. ಹೊಟ್ಟೆಪಾಡಿಗೆ ಊರು ಬಿಟ್ಟು, ಬೇರೆ ಒಂದು ದೊಡ್ಡ ಊರಿನಲ್ಲಿ ಗುತ್ತೇದಾರನ ಕೈಕೆಳಗೆ ಹತ್ತೊಂಬತ್ತು ವರ್ಷ ಮ್ಯಾನ್‌ಹೋಲ್ ಕೆಲಸ ಮಾಡಿದವರು. ಸೊಂಟಕ್ಕೆ ಹಗ್ಗ, ಕೈಯಲ್ಲಿ ಬಿದಿರಿನ ಸೀಳು, ಮೈಮೇಲೆ ಚಡ್ಡಿ. ಇಳಿಯುವ ಮೊದಲು ಮುಚ್ಚಳ ತೆಗೆದು ಒಂದು ಬೀಡಿ ಸೇದುವಷ್ಟು ಹೊತ್ತು ಬಿಡುತ್ತಿದ್ದರಂತೆ, ಅಷ್ಟೇ ಬಂದೋಬಸ್ತ್. ಒಂದು ದಿನ ಅವರ ಜೋಡಿ ಇಳಿಯಬೇಕಾದವನು ಮೊದಲು ಇಳಿದ, ಮೇಲೆ ಬರಲಿಲ್ಲ. ಇವರು ಕೆಳಗೆ ಜಿಗಿಯಲು ಹೋದಾಗ ಮೂರನೆಯವನು ಹಗ್ಗ ಹಿಡಿದು ಎಳೆದ. ಹಂಗಾಗಿ ಕಾಕಾ ಇವತ್ತು ಉಳಿದಾರ.

ಒಳಗೆ ಏನಾಗ್ತದ ಅಂತ ನಮ್ಮ ಹುಡುಗರಿಗೆ ತಿಳಿದಿರಬೇಕು. ಕೊಳೆತ ಹೊಲಸಿನಿಂದ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಅನಿಲಗಳು ಹುಟ್ಟುತ್ತವೆ, ಆಮ್ಲಜನಕ ಕಡಿಮೆ ಆಗ್ತದ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರ್ತದ. ಬಹಳ ಆದಾಗ ಮೂಗು ವಾಸನೆ ಹಿಡಿಯೋದನ್ನೇ ಬಿಡ್ತದ. ಅಂದ್ರೆ ವಾಸನೆ ಇಲ್ಲ, ಧೈರ್ಯವಾಗಿ ಇಳಿ ಅನ್ನೋ ಗುತ್ತೇದಾರ ಸಾವಿನ ಬಾಯಿಗೇ ಕಳಿಸ್ತಾನೆ. ಒಬ್ಬ ಬಿದ್ದರೆ ಅವನನ್ನು ಎತ್ತಲು ಹೋದ ಇನ್ನೊಬ್ಬನೂ ಬೀಳ್ತಾನೆ. ಅದಕ್ಕೇ ಪೇಪರಿನಲ್ಲಿ ಬರುವ ಸುದ್ದಿಯಲ್ಲಿ ಎರಡು, ಮೂರು, ಐದು ಹೆಣ ಒಟ್ಟಿಗೆ ಇರ್ತಾವ. 2018ರ ಸೆಪ್ಟೆಂಬರ್ 9ರಂದು ಇದೇ ದಿಲ್ಲಿಯ ಮೋತಿ ನಗರದಲ್ಲಿ, ಒಂದು ದೊಡ್ಡ ವಸತಿ ಸಮುಚ್ಚಯದ ಕೊಳಚೆ ಘಟಕದಲ್ಲಿ ಐವರು ಸತ್ತರು. ಆ ಹೊತ್ತಿಗೆ ದಿಲ್ಲಿಯಲ್ಲಿ ಮೆಟ್ರೊ ಓಡಲು ಶುರುವಾಗಿ ಹದಿನೈದು ವರ್ಷ ದಾಟಿತ್ತು.

ಮೊದಲ ಮೆಟ್ರೊ ಓಡಿದ್ದು 2002ರ ಡಿಸೆಂಬರಿನಲ್ಲಿ. ಇವತ್ತು ಅದರ ಜಾಲ 350 ಕಿ.ಮೀ. ದಾಟಿದೆ. ನೆಲದೊಳಗೆ ಸುರಂಗ ಕೊರೆಯುವ ಯಂತ್ರ ನಮ್ಮ ದೇಶಕ್ಕೆ ಬಂತು. ಗಟಾರದ ಹೊಲಸು ಎಳೆಯುವ ಯಂತ್ರವೂ ಬಂದಿದೆ. ಅಂದ ಮೇಲೆ ಯಂತ್ರ ಇಲ್ಲ, ರೊಕ್ಕ ಇಲ್ಲ ಅನ್ನೋ ಮಾತು ಸುಳ್ಳು. ಮೆಟ್ರೊದೊಳಗೆ ಯಾರು ಬೇಕಾದರೂ ಕೂಡಬಹುದು, ಹಂಗಾಗಿ ಎಲ್ಲರ ಉಸಿರಿನ ಲೆಕ್ಕ ಹಾಕಿ ಕಟ್ಟಿದ್ದಾರೆ. ಮ್ಯಾನ್‌ಹೋಲಿಗೆ ಯಾರು ಇಳೀತಾರ ಅನ್ನೋದು ಮೊದಲೇ ಗೊತ್ತಿದೆ, ಹಂಗಾಗಿ ಅಲ್ಲಿ ಉಸಿರಿನ ಲೆಕ್ಕ ಇಲ್ಲ. ಇದು ನನ್ನ ಊಹೆ ಅಲ್ಲ. ನಮಸ್ತೆ ಯೋಜನೆಯಲ್ಲಿ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ಕೆಲಸಗಾರರನ್ನು ಗುರುತಿಸಿದಾಗ, 2024ರಲ್ಲಿ ಸರ್ಕಾರದ್ದೇ ಲೆಕ್ಕದಲ್ಲಿ 100ಕ್ಕೆ ಸುಮಾರು 92 ಮಂದಿ ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರು. ಪರಿಶಿಷ್ಟ ಜಾತಿಯವರೇ ಸುಮಾರು 69 ಮಂದಿ.

ಪರಂಪರೆ ಮತ್ತು ಆಧುನಿಕತೆಯ ಸಂಗಮ ಅಂತೀವಲ್ಲ, ನನಗೆ ಅದು ಕಂಡದ್ದು ಇಲ್ಲಿ. ಪೈಪು ಆಧುನಿಕ, ಅದರೊಳಗೆ ಇಳಿಯುವವನನ್ನು ಆರಿಸುವ ಪದ್ಧತಿ ಪರಂಪರೆಯದು.

ಕಾನೂನು ಇಲ್ಲವಾ? ಬೇಕಾದಷ್ಟಿದೆ. ಸಂವಿಧಾನದ 17ನೇ ವಿಧಿ ಇದೆ. 1993ರ ಕಾಯ್ದೆ ಇತ್ತು, ಅದು ಸಾಲದು ಅಂತ 2013ರ ಕಾಯ್ದೆ ಬಂತು. ರಕ್ಷಣಾ ಸಲಕರಣೆ ಇಲ್ಲದೆ ಮನುಷ್ಯನನ್ನು ಗಟಾರಕ್ಕೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸಿದರೆ ಮೊದಲ ಸಲವೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟು, 1993ರಿಂದ ಈಚೆಗೆ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ಕೊಡ್ರಿ ಅಂದಿತು. 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಅದನ್ನು 30 ಲಕ್ಷ ಮಾಡಿತು. 2025ರ ಜನವರಿ 29ರಂದು ದಿಲ್ಲಿ, ಮುಂಬೈ, ಚೆನ್ನೈ, ಕೋಲ್ಕತ್ತ, ಬೆಂಗಳೂರು, ಹೈದರಾಬಾದ್, ಈ ಆರು ಶಹರಗಳಲ್ಲಿ ಮನುಷ್ಯರನ್ನು ಇಳಿಸೋದು ಪೂರ್ತಿ ಬಂದ್ ಆಗಬೇಕು ಅಂತ ಆದೇಶಿಸಿತು. ಈ ಹೋರಾಟದ ಹಿಂದೆ ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಸಫಾಯಿ ಕರ್ಮಚಾರಿ ಆಂದೋಲನ ಇದೆ ಅನ್ನೋದನ್ನು ಮರೀಬಾರದು. ಅವರ ಭೀಮ ಯಾತ್ರೆ ದೇಶ ಸುತ್ತಿ 2016ರ ಏಪ್ರಿಲ್ 13ರಂದು ಮುಗಿದದ್ದು ಇದೇ ದಿಲ್ಲಿಯಲ್ಲಿ. "ನಮ್ಮನ್ನು ಕೊಲ್ಲೋದು ನಿಲ್ಲಿಸಿ" ಅನ್ನೋದೇ ಅವರ ಬೇಡಿಕೆ.

ನಾನು ಕಚೇರಿಯ ಗುಮಾಸ್ತ. ನನಗೆ ಕಾನೂನಿಗಿಂತ ಕಡತದ ಮೇಲೆ ಹೆಚ್ಚು ಅನುಮಾನ. ಮನುಷ್ಯ ಸತ್ತ ಮೇಲೆ ಅವನ ಕಥೆ ಕಾಗದದ ಮೇಲೆ ಯಾವ ಪದದಲ್ಲಿ ಕೂಡ್ತದ ಅನ್ನೋದರ ಮೇಲೆ ಎಲ್ಲಾ ನಿಂತಿರ್ತದ. 2021ರಲ್ಲಿ ಸಂಸತ್ತಿನಲ್ಲಿ ಸರ್ಕಾರ ಏನು ಉತ್ತರ ಕೊಟ್ಟಿತು ನೋಡ್ರಿ. ಮಲ ಹೊರುವುದರಿಂದ ಯಾರೂ ಸತ್ತ ವರದಿ ಇಲ್ಲವಂತೆ. ಗಟಾರ, ಸೆಪ್ಟಿಕ್ ಟ್ಯಾಂಕಿನ "ಅಪಾಯಕಾರಿ ಸ್ವಚ್ಛತೆ" ವೇಳೆ ಸತ್ತವರು ಮಾತ್ರ ಇದ್ದಾರಂತೆ. 1993ರಿಂದ ಲೆಕ್ಕ ಹಿಡಿದರೆ ಸರ್ಕಾರದ್ದೇ ಸಂಖ್ಯೆ 900 ದಾಟಿತ್ತು. ಪದ ಬದಲಾಯಿತು, ಹೆಣ ಬದಲಾಗಲಿಲ್ಲ.

ಕಾಕಾನ ಜೋಡಿದಾರನದೂ ಇದೇ ಕಥೆ. ಅವನ ಕಾಗದದಲ್ಲಿ "ಕಾಲು ಜಾರಿ ಬಿದ್ದು ಸಾವು" ಅಂತ ಇದೆ. ಗುತ್ತೇದಾರ ಮಣ್ಣಿನ ಖರ್ಚಿಗೆ ಅಂತ ಏಳು ಸಾವಿರ ಕೊಟ್ಟು, ಹೆಂಡತಿಯ ಹೆಬ್ಬೆಟ್ಟು ಒತ್ತಿಸಿಕೊಂಡ. ಆ ತಾಯಿ ಈಗ ಮಗಳ ಮನೆಯಲ್ಲಿದ್ದಾಳೆ. 2014ರ ತೀರ್ಪು ಅವಳಿಗೂ ಸೇರಿದ್ದು. ಆದರೆ "ಗಟಾರದೊಳಗೆ" ಅನ್ನೋ ಒಂದು ಪದ ಕಾಗದದಲ್ಲಿ ಇಲ್ಲದ್ದಕ್ಕೆ ಅವಳ ಅರ್ಜಿ ಯಾವ ಮೇಜಿನ ಮೇಲೂ ನಿಲ್ಲವಲ್ದು. ಹಗ್ಗ ಹಿಡಿದ ಸಾಕ್ಷಿ ಕಾಕಾ ಒಬ್ಬರೇ ಉಳಿದಾರ. ಮೂರನೆಯವನೂ ಹೋಗಿಬಿಟ್ಟ.

ಈಗ ಪರಂಪರೆಯ ಮಾತು. ಹುಡುಗರು ನನ್ನನ್ನು ರೈಲಿನಲ್ಲಿ ಕೇಳಿದರು: "ಅಣ್ಣಾ, ಹಂಗಾದ್ರ ಪರಂಪರೆ ಅನ್ನೋದೇ ಬ್ಯಾಡೇನು?" ಒಳ್ಳೆ ಪ್ರಶ್ನೆ.

ನಾವು ರಾಜಧಾನಿ ನೋಡದ ಮಂದಿ ಅಲ್ಲ. ನಮ್ಮ ಬೀದರ್ ಜಿಲ್ಲೆಯೊಳಗೇ ಎರಡು ಹಳೆ ರಾಜಧಾನಿ ಅವ. ಒಂದು ಬಹಮನಿ ಸುಲ್ತಾನರ ಬೀದರ್, ಇನ್ನೊಂದು ಚಾಲುಕ್ಯರ ಕಲ್ಯಾಣ. ಮಹಮೂದ್ ಗವಾನನ ಮದರಸಾ 1472ರದು. ನೌಬಾದಿನ ಕರೇಜಿನಲ್ಲಿ ನೆಲದೊಳಗೆ ಸುರಂಗ ಮಾಡಿ ನೀರು ಹರಿಸಿದ್ದಾರೆ. ಹೊರಗಿನಿಂದ ಬಂದವರಿಗೆ ನಾವು ಹೆಮ್ಮೆಯಿಂದ ತೋರಿಸ್ತೀವಿ. ಕಟ್ಟಿಸಿದವರ ಹೆಸರು ಹೇಳ್ತೀವಿ. ಆ ಸುರಂಗದೊಳಗೆ ಇಳಿದು ಅಗೆದವರು ಯಾರು, ಅವರ ಓಣಿ ಎಲ್ಲಿತ್ತು ಅಂತ ನಾನು ಓದಿದ ಯಾವ ಫಲಕದಲ್ಲೂ ಇಲ್ಲ. ಕಾಕಾನ ಪ್ರಶ್ನೆ ಅಲ್ಲಿಗೂ ಹೊಂದತದ.

ಕಲ್ಯಾಣದಲ್ಲಿ ಏನಾಯಿತು? ಚಮ್ಮಾರ ಹರಳಯ್ಯನ ಮಗ, ಬ್ರಾಹ್ಮಣ ಮಧುವರಸನ ಮಗಳು, ಇಬ್ಬರ ಮದುವೆ ಆಯಿತು. ಆ ಇಬ್ಬರು ತಂದೆಯರಿಗೆ ಎಳೆಹೂಟೆ ಶಿಕ್ಷೆ ಆಯಿತು ಅಂತ ನಾವು ಚಿಕ್ಕಂದಿನಿಂದ ಕೇಳುತ್ತಾ ಬಂದೀವಿ. ಅಂದ್ರೆ ಹನ್ನೆರಡನೇ ಶತಮಾನದ ಆ ಒಂದೇ ಊರಿನಲ್ಲಿ ಎರಡು ಪರಂಪರೆ ಇದ್ದವು. ಮದುವೆ ಮಾಡಿಸಿದ್ದು ಒಂದು, ಆನೆ ಕಾಲಿಗೆ ಕಟ್ಟಿ ಎಳೆಸಿದ್ದು ಇನ್ನೊಂದು. ಪ್ರವಾಸೋದ್ಯಮದ ಪುಸ್ತಕ ಎರಡನ್ನೂ ಒಂದೇ ಚೀಲಕ್ಕೆ ಹಾಕಿ "ಭವ್ಯ ಪರಂಪರೆ" ಅಂತ ಬರೀತದ. ನಾವು ಹಂಗ ಬರೀಬಾರದು. ನನ್ನ ತಕರಾರು ಇಷ್ಟೇ.

ದಿಲ್ಲಿಯಲ್ಲೂ ಹಂಗೇ. ಆ ಊರಿನಲ್ಲಿ ಸುಲ್ತಾನರ ಗೋರಿ, ಬಾದಶಹರ ಕೋಟೆ, ಬ್ರಿಟಿಷರು 1911ರಲ್ಲಿ ಘೋಷಿಸಿ 1931ರಲ್ಲಿ ಉದ್ಘಾಟಿಸಿದ ಹೊಸ ರಾಜಧಾನಿ, 2023ರಲ್ಲಿ ತೆರೆದ ಹೊಸ ಸಂಸತ್ ಭವನ, ಎಲ್ಲದಕ್ಕೂ ಜಾಗ ಅದ. ಆದರೆ ತುಘಲಕಾಬಾದಿನಲ್ಲಿದ್ದ ಸಂತ ರವಿದಾಸರ ಗುಡಿಯನ್ನು 2019ರ ಆಗಸ್ಟ್ 10ರಂದು, ಕೋರ್ಟಿನ ಆದೇಶದ ಮೇಲೆ, ಕೆಡವಿದರು. ಅರಣ್ಯ ಜಾಗ ಅನ್ನೋದು ಕಾರಣ. ಸಾವಿರಾರು ಜನ ಬೀದಿಗೆ ಇಳಿದ ಮೇಲೆ, ಅಲ್ಲೇ 400 ಚದರ ಮೀಟರ್ ಜಾಗ ಕೊಡ್ತೀವಿ ಅಂತ ಕೇಂದ್ರ ಹೇಳಿತು, ಕೋರ್ಟು ಒಪ್ಪಿತು. ಚಮ್ಮಾರ ಸಂತನ ನೆನಪಿಗೆ ಜಾಗ ಬೇಕಾದರೆ ನಾವು ಬೀದಿಗೆ ಬರಬೇಕು.

ಆ ರವಿದಾಸರು ಐದು ನೂರು ವರ್ಷದ ಹಿಂದೆ ಒಂದು ಊರಿನ ಕನಸು ಕಂಡಿದ್ದರು. ಅದಕ್ಕೆ ಬೇಗಂಪುರ ಅಂತ ಹೆಸರಿಟ್ಟರು. ದುಃಖ ಇಲ್ಲದ ಊರು. ಅಲ್ಲಿ ಕಂದಾಯದ ಭಯ ಇಲ್ಲ, ಎರಡನೇ ದರ್ಜೆ ಮೂರನೇ ದರ್ಜೆ ಅಂತ ಇಲ್ಲ, ಯಾರು ಎಲ್ಲಿ ಬೇಕಾದರೂ ತಿರುಗಾಡಬಹುದು. ನೋಡ್ರಿ, ಇದು ಸಂವಿಧಾನ ಬರುವುದಕ್ಕಿಂತ ಎಷ್ಟೋ ಮೊದಲಿನ ಮಾತು. ನಮ್ಮ ಪರಂಪರೆಯೇ ಅವರ ಆಧುನಿಕತೆಗಿಂತ ಮುಂದಿತ್ತು. ಹುಡುಗನಿಗೆ ನಾನು ಹೇಳಿದ್ದು ಇದನ್ನೇ. ಪರಂಪರೆ ಬೇಡ ಅಂತಲ್ಲ, ಯಾರದು ಅಂತ ಕೇಳು.

ಕೊನೆಯ ದಿನ ಅಲೀಪುರ ರಸ್ತೆಯ 26ನೇ ನಂಬರಿಗೆ ಹೋದ್ವಿ. ಅದೇ ಹಳದಿ ಮೆಟ್ರೊ ಮಾರ್ಗದಲ್ಲಿ ಸಿವಿಲ್ ಲೈನ್ಸ್ ನಿಲ್ದಾಣದಲ್ಲಿ ಇಳೀಬೇಕು. ಹಿಂದೂ ಕೋಡ್ ಬಿಲ್ಲಿನ ವಿಷಯದಲ್ಲಿ 1951ರಲ್ಲಿ ಮಂತ್ರಿಗಿರಿ ಬಿಟ್ಟು ಬಂದ ಮೇಲೆ ಬಾಬಾಸಾಹೇಬರು ಇದ್ದ ಜಾಗ. 1956ರ ಡಿಸೆಂಬರ್ 6ರಂದು ಅವರು ಕಣ್ಣು ಮುಚ್ಚಿದ್ದೂ ಅಲ್ಲೇ. ಹಳೆ ಮನೆ ಈಗಿಲ್ಲ. ತೆರೆದಿಟ್ಟ ಪುಸ್ತಕದ ಆಕಾರದ ಸ್ಮಾರಕ 2018ರ ಏಪ್ರಿಲ್ 13ರಂದು ಉದ್ಘಾಟನೆ ಆಯಿತು. ಪುಸ್ತಕ ಅಂದ್ರೆ ಸಂವಿಧಾನ.

ಒಳಗೆ ಬಹಳ ಚೆನ್ನಾಗಿದೆ, ಸುಳ್ಳು ಹೇಳೋದಿಲ್ಲ. ಕಾಕಾ ಪುತ್ಥಳಿಯ ಮುಂದೆ ಕೈ ಮುಗಿದು ಬಹಳ ಹೊತ್ತು ಕೂತರು. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಾ, "ಇಲ್ಲಿ ಕಸ ಗುಡಿಸೋರಿಗೆ ಪಗಾರ ಟೈಮಿಗೆ ಬರ್ತದೇನೋ ತಮ್ಮಾ?" ಅಂದರು. ಅಲ್ಲಿದ್ದವರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಆದರೆ ಸ್ಮಾರಕ ನೋಡುವ ಸರಿಯಾದ ದಾರಿ ಅದೇ ಅಂತ ನನಗೆ ಅನಿಸಿತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಸಿದ್ದೂ ಇದನ್ನೇ ಅಲ್ಲವಾ? ಓಟಿನಲ್ಲಿ ಸಮಾನತೆ ಬರ್ತದ, ಬದುಕಿನಲ್ಲಿ ಅಸಮಾನತೆ ಉಳೀತದ, ಈ ವಿರೋಧವನ್ನು ಬೇಗ ತೆಗೀರಿ ಅಂತ. ಎತ್ತರದ ಪುತ್ಥಳಿ ಕಟ್ಟಿದರೆ ಆ ವಿರೋಧ ಹೋಗೋದಿಲ್ಲ.

ಈಗ ನಮ್ಮೂರಿನ ಮಾತು. ದಿಲ್ಲಿ ಬೈದು ಕೂತರೆ ಪ್ರಯೋಜನ ಇಲ್ಲ. ಸುಪ್ರೀಂ ಕೋರ್ಟಿನ ಆ ಆರು ಶಹರಗಳ ಪಟ್ಟಿಯಲ್ಲಿ ಬೀದರ್ ಇಲ್ಲ, ಭಾಲ್ಕಿ ಇಲ್ಲ, ಔರಾದ ಅಂತೂ ಇಲ್ಲ. ಆದರೆ 2013ರ ಕಾಯ್ದೆ ಮೂರೂ ಊರಿಗೆ ಲಾಗೂ ಅದ. ಅದಕ್ಕೇ ನಾವು ಐದು ಮಂದಿ ವಾಪಸ್ ರೈಲಿನಲ್ಲಿ ಕೂತು ತೀರ್ಮಾನ ಮಾಡಿದ್ದನ್ನು ನಿಮ್ಮ ಮುಂದೆ ಇಡ್ತೀನಿ. ಒಪ್ಪಿಗೆ ಆದರೆ ಕೈ ಜೋಡಿಸ್ರಿ.

ಒಂದು. ಆ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲಿ, ಪ್ರತಿ ಉಪವಿಭಾಗದಲ್ಲಿ ಜಾಗೃತಿ ಸಮಿತಿ ಇರಬೇಕು. ಅದರ ಸಭೆ ಯಾವಾಗ ಆಯಿತು, ನಡಾವಳಿಯಲ್ಲಿ ಏನು ಬರೆದಿದ್ದಾರೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳೋಣ. ಅರ್ಜಿ ನಾನು ಬರೆದು ಕೊಡ್ತೀನಿ, ಹತ್ತು ರೂಪಾಯಿಯ ಕೆಲಸ.

ಎರಡು. ನಮ್ಮ ಮಂದಿಯನ್ನು ಇಳಿಸುವವರು ಬರೀ ಗುತ್ತೇದಾರರಲ್ಲ. ಲಾಡ್ಜು, ಹೋಟೆಲು, ಬಾಡಿಗೆ ಕಟ್ಟಡ, ಸಾದಾ ಮನೆಯವರು ಕೂಡ ಐನೂರು, ಸಾವಿರ ತೋರಿಸಿ ಸಂಡಾಸಿನ ಗುಂಡಿಗೆ ಇಳಿಸ್ತಾರ. ಎಲ್ಲಿ ಕಂಡರೂ ನಿಲ್ಲಿಸ್ರಿ, ಸಕಿಂಗ್ ಮಷೀನ್ ತರಿಸ್ರಿ ಅಂತ ಹೇಳ್ರಿ. ಇಳಿಯಲು ಹೊರಟವನನ್ನು ಬೈಬ್ಯಾಡ್ರಿ. ಅವನ ಮನೆಯಲ್ಲಿ ಅವತ್ತು ಒಲೆ ಹೊತ್ತಬೇಕಾಗಿರ್ತದ. ಅವನ ಅವತ್ತಿನ ಕೂಲಿ ನಾವು ಪಟ್ಟಿ ಎತ್ತಿಯಾದರೂ ಕೊಡಬೇಕು.

ಮೂರು. ದೇವರು ಅಲ್ಲ, ಬುದ್ಧ ಕಾಯಲಿ, ಹಂಗ ಆಗಬಾರದು. ಆದರೆ ಎಲ್ಲೇ ಸಾವು ಆದರೂ ಹೆಣ ಮಣ್ಣಾಗುವ ಮೊದಲು ನಮಗೆ ಫೋನ್ ಮಾಡ್ರಿ. ದೂರಿನಲ್ಲಿ "ಗಟಾರದೊಳಗೆ", "ಟ್ಯಾಂಕಿನೊಳಗೆ", "ಇಳಿಸಿದರು" ಅನ್ನೋ ಪದ ಇರಲೇಬೇಕು. 2013ರ ಕಾಯ್ದೆ ಜೊತೆಗೆ ಅಟ್ರಾಸಿಟಿ ಕಾಯ್ದೆಯೂ ಬೀಳಬೇಕು. ಪರಿಶಿಷ್ಟರನ್ನು ಮಲ ಎತ್ತುವ ಕೆಲಸಕ್ಕೆ ಹಚ್ಚೋದು 2015ರ ತಿದ್ದುಪಡಿಯ ನಂತರ ಅದರಡಿಯೂ ಅಪರಾಧ. ಗುತ್ತೇದಾರನ ರಾಜಿಗೆ ಯಾವ ತಾಯಿಯೂ ಹೆಬ್ಬೆಟ್ಟು ಒತ್ತಬಾರದು. ಪರಿಹಾರ 30 ಲಕ್ಷ, ಅದು ಭಿಕ್ಷೆ ಅಲ್ಲ.

ಮುಂದಿನ ವರ್ಷ ಇನ್ನೂ ಹೆಚ್ಚು ಜನ ದಿಲ್ಲಿಗೆ ಹೋಗೋಣ. ಕುತುಬ್ ಮಿನಾರ್ ನೋಡೋಣ, ಜಾಮಾ ಮಸೀದಿಯ ಹತ್ತಿರ ಹೊಟ್ಟೆ ತುಂಬ ಉಣ್ಣೋಣ, ಅಲೀಪುರ ರಸ್ತೆಗೆ ಹೋಗೋಣ. ಅವರ್ಯಾರದೋ ಊರು ಅಂತ ಅಂಜಿ ನಡೆಯೋದು ಬ್ಯಾಡ, ಆ ರಾಜಧಾನಿ ನಮ್ಮದೂ ಹೌದು. ರೀಲ್ಸೂ ಮಾಡೋಣ. ಭಾಲ್ಕಿಯ ಹುಡುಗ ತನ್ನ ಹಳೆ ರೀಲ್ಸ್ ತೆಗೆದಿಲ್ಲ, ತೆಗೀಬ್ಯಾಡ ಅಂತ ನಾನೇ ಹೇಳೀನಿ. ಅದರ ಕೆಳಗೆ ಕಾಕಾನ ಪ್ರಶ್ನೆ ಮಾತ್ರ ಸೇರಿಸಿದ್ದಾನೆ. ಅದಕ್ಕೆ ಲೈಕ್ ಕಡಿಮೆ ಬಂದಾವ.

ಬರೋ ಸೋಮವಾರ ಕಾಕಾನ ಹೇಳಿಕೆಯನ್ನು ಅಫಿಡವಿಟ್ ಮಾಡಿಸಿ, ಆ ತಾಯಿಯ ಅರ್ಜಿಯನ್ನು ಮತ್ತೊಮ್ಮೆ ಹಾಕ್ತಿದ್ದೀವಿ. ಇಂಥ ಪ್ರಕರಣ ನಡೆಸಿದ ಅನುಭವ ಇರುವ ವಕೀಲರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ನನಗೆ ಮೆಸೇಜ್ ಮಾಡ್ರಿ. ಸಾಕ್ಷಿಗೆ ವಯಸ್ಸಾಗ್ಯದ, ತಡ ಮಾಡ್ಲಾಕ ಬರಂಗಿಲ್ಲ.

ಜೈ ಭೀಮ್. ಶರಣು.